ಟವೆಲಿನ ಕೆಳಗೆ ಒಣಹಾಕಿದ್ದು

ಕಿರ್ರ್... ಟಕ್. ಕಿರ್ರ್... ಟಕ್.

ಹುಮನಾಬಾದಿನ ನಮ್ಮ ನರ್ಸಿಂಗ್ ಸ್ಕೂಲಿನ ಪ್ರಾಕ್ಟಿಕಲ್ ರೂಮಿನಲ್ಲಿ ಒಂದು ಕಬ್ಬಿಣದ ಮಂಚ. ಮೂರು ಕಾಲಿಗೆ ರಬ್ಬರ್ ಟೋಪಿ ಇತ್ತು, ನಾಲ್ಕನೆಯದರ ಟೋಪಿ ಯಾವ ಕಾಲದಲ್ಲಿ ಕಳೆದಿತ್ತೋ. ಹುಡುಗಿಯರು ಆ ಮಂಚವನ್ನು ಗೋಡೆಯ ಬದಿಯಿಂದ ಕೋಣೆಯ ನಡುವಿಗೆ ಎಳೆಯುವಾಗ ಫರಸಿಯ ಮೇಲೆ ಆ ಸದ್ದಾಗುತ್ತಿತ್ತು. ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಕ್ಲಾಸ್ ಮುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದ ನನಗೆ ಅದು ಕೇಳಿದ ಕೂಡಲೇ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ರಿಹರ್ಸಲ್ ಶುರುವಾಯಿತು ಅಂತ ಅರ್ಥ. ಅರವತ್ತಾರನೆಯ ವಯಸ್ಸಿನಲ್ಲಿ ನಾನು ಆ್ಯಕ್ಟ್ರೆಸ್ ಆಗಿದ್ದೆ.

ಇದಕ್ಕೆ ಹಿಂದಿನದೊಂದು ಮಾತು ಹೇಳಬೇಕು. ನಾನು ಓದಿದ್ದು ಗುಲ್ಬರ್ಗದ ಕಾನ್ವೆಂಟಿನಲ್ಲಿ, ಹಾಸ್ಟೆಲ್ಲಿನಲ್ಲಿದ್ದುಕೊಂಡು. ಆ್ಯನ್ಯುಯಲ್ ಡೇ ಬಂತೆಂದರೆ ಇಂಗ್ಲಿಷ್ ಡ್ರಾಮಾ ಇರುತ್ತಿತ್ತು. ಸಿಸ್ಟರ್ ಬೆನೆಡಿಕ್ಟಾ ನನ್ನ ಗದ್ದ ಹಿಡಿದು, "ಪ್ರಭಾ, ಯುವರ್ ಟಂಗ್ ಈಸ್ ಸ್ಟಿಲ್ ಇನ್ ಕಲ್ಯಾಣ್" ಅನ್ನುತ್ತಿದ್ದರು. ಬಸವಕಲ್ಯಾಣದ ನಾಲಗೆಗೆ ಡೈಲಾಗ್ ಇಲ್ಲ. ಆರು ವರ್ಷವೂ ನಾನು ಮರ. ಎರಡೂ ಕೈಯಲ್ಲಿ ಬೇವಿನ ತೊಪ್ಪಲು ಹಿಡಿದು ಹಿಂದೆ ನಿಂತು, ಎಲ್ಲರ ಡೈಲಾಗೂ ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಕಲ್ಯಾಣಕ್ಕೇ ಸೊಸೆಯಾಗಿ ಬಂದೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಮರವಾಗಿದ್ದು ಮಾತ್ರ ಮರೆಯಲಿಲ್ಲ.

ನರ್ಸಿಂಗ್ ಸ್ಕೂಲಿನವರು ವಾರಕ್ಕೆ ಮೂರು ದಿನ ಬಂದು ಸ್ಪೋಕನ್ ಇಂಗ್ಲಿಷ್ ಹೇಳಿಕೊಡಿ ಎಂದಾಗ ಒಪ್ಪಿಕೊಂಡೆ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡದಲ್ಲಿ, ಕೆಲವರು ಉರ್ದುವಿನಲ್ಲಿ ಓದಿ ಬಂದ ಹುಡುಗಿಯರು. ಬುದ್ಧಿ ಚುರುಕು, ಇಂಗ್ಲಿಷ್ ಪುಸ್ತಕ ಕಂಡರೆ ಮಾತ್ರ ಕಂಗಾಲು. ನಾನು ಉಚ್ಚಾರಣೆ ತಿದ್ದುತ್ತಿದ್ದೆ. ಕಾರ್ಸಿನೋಮಾ, ಬಯಾಪ್ಸಿ, ಸರ್ವಿಕ್ಸ್. ಎಲ್ಲವನ್ನೂ ಸ್ಪಷ್ಟವಾಗಿ ಹೇಳಿಸುತ್ತಿದ್ದೆ. ಆ ಪದಗಳು ಯಾರ ಮೈಯಲ್ಲಿ ಇರುತ್ತವೆ ಅಂತ ಒಮ್ಮೆಯೂ ಯೋಚಿಸಿದವಳಲ್ಲ.

ಆ ವರ್ಷ ಮಾನೌಮಿ ಹಬ್ಬ, ಅಂದರೆ ದಸರೆ, ಮುಗಿದ ಮೇಲೆ ಅವರ ಟ್ಯೂಟರ್ ಗ್ರೇಸಿ ಮೇಡಂ ಒಂದು ಕೆಲಸ ಕೊಟ್ಟರು. ಗರ್ಭಕೋಶದ ಬಾಯಿಯ ಕ್ಯಾನ್ಸರಿನ ತಪಾಸಣೆಗೆ ಹಳ್ಳಿಯ ಹೆಂಗಸರನ್ನು ಕರೆತರುವುದು ಹ್ಯಾಗೆ, ಅವರನ್ನು ಏನೇನು ಕೇಳುವುದು, ಹ್ಯಾಗೆ ಕೇಳುವುದು. ಒಬ್ಬಳು ನರ್ಸ್, ಒಬ್ಬಳು ಪೇಷೆಂಟ್ ಆಗಿ ಮಾಡಿ ತೋರಿಸಬೇಕು, ಮಾರ್ಕ್ಸ್ ಉಂಟು. ಆದರೆ ಹುಡುಗಿಯರೇ ಪೇಷೆಂಟ್ ಆದರೆ ಮೊದಲ ಪ್ರಶ್ನೆಗೇ ಇಬ್ಬರೂ ಬಾಯಿಗೆ ದುಪಟ್ಟಾ ಇಟ್ಟುಕೊಂಡು ನಗುತ್ತಿದ್ದರು. ಬಸವಕಲ್ಯಾಣದ ರೇಷ್ಮಾ ಎಂಬ ತುಂಟಿಯಂತೂ ಮಂಚದ ಮೇಲೆ ಮಲಗಿದಳೆಂದರೆ ಇಡೀ ಕ್ಲಾಸ್ ಹಾಳು.

"ಟೆಸ್ಟಿಗೆ ಸಿರ್ಕಾ, ಅದೇ ವಿನೆಗರ್, ಹಚ್ತಾರಂತ್ರಿ ಮೇಡಂ. ನಮ್ಮ ಅಮ್ಮೀ ಉಪ್ಪಿನಕಾಯಿಗೆ ಹಾಕ್ತಾಳಲ್ರಿ, ಅದೇನಾ?"

"ಅದರ ತಮ್ಮ. ನೀ ಸುಮ್ಮನ ಮಲಗು" ಎಂದರು ಗ್ರೇಸಿ ಮೇಡಂ. ಮತ್ತೆ ನಗು.

"ನಗಲಾರದ ಪೇಷೆಂಟ್ ಬೇಕು" ಎಂದು ಅವರು ತಲೆ ಕೆಡಿಸಿಕೊಂಡಾಗ ರೇಷ್ಮಾಳೇ ನನ್ನ ಕಡೆ ಕೈ ತೋರಿಸಿದಳು. "ಮಿಸ್ ಇದ್ದಾರಲ್ರಿ. ವಯಸ್ಸೂ ಅದ, ಸೀರೀನೂ ಅದ."

ಹೀಗೆ ನನಗೆ ಪಾರ್ಟ್ ಸಿಕ್ಕಿತು. ಐ ವಾಸ್ ಥ್ರಿಲ್ಡ್, ನಿಜ ಹೇಳುತ್ತೇನೆ. ಒಂದು ಕಾಗದದ ಮೇಲೆ ಗ್ರೇಸಿ ಮೇಡಂ ಪ್ರಶ್ನೆ ಬರೆದುಕೊಟ್ಟಿದ್ದರು, ಪೇಷೆಂಟಿನ ಉತ್ತರಗಳನ್ನೂ. ಬಿಳಿ ಹೋಗುತ್ತದೆಯೇ, ಹೌದು. ನೋವಿದೆಯೇ, ಇಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯೇ, ಇಲ್ಲ. ನಾನು ಕಲ್ಯಾಣದ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಬಾಯಿಪಾಠ ಮಾಡಿದೆ. ಮನೆಯಲ್ಲಿ ಕನ್ನಡಿಯ ಮುಂದೆ ಕೂತು ಹಳ್ಳಿಯ ಹೆಂಗಸಿನ ಹಾಗೆ ತಲೆ ಮೇಲೆ ಸೆರಗು ಹೊದ್ದು ನೋಡಿದೆ.

ಪರೀಕ್ಷೆಯ ದಿನ ನನಗೆ ಸಿಕ್ಕ ನರ್ಸ್ ಸುಜಾತಾ. ಕೊಡಂಬಲದ ಹುಡುಗಿ, ತಾಯಿ ಹೊಲದ ಕೂಲಿಗೆ ಹೋಗುವವಳು, ನಾಲ್ಕು ಮಕ್ಕಳಲ್ಲಿ ಇವಳೇ ಕೊನೆಯವಳು. ಮಾತು ಕಡಿಮೆ. ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಮಂಚ ಎಳೆದರು, ಕಿರ್ರ್ ಟಕ್, ನಾನು ಮಲಗಿದೆ. ಮೂವತ್ತು ಹುಡುಗಿಯರು ಸುತ್ತ ನಿಂತಿದ್ದರು. ಫ್ಯಾನ್ ತಿರುಗುತ್ತಿತ್ತು. ಅಂತೂ ನಾನು ಮರವಲ್ಲ.

"ಅವ್ವಾ, ಹೊರಗ ಆಗೋದು ನಿಂತು ಎಷ್ಟು ವರ್ಷ ಆತ್ರಿ?" ಎಂದಳು ಸುಜಾತಾ. ನಗಲಿಲ್ಲ. ಸ್ವಂತ ತಾಯಿಯನ್ನು ಕೇಳುವ ಹಾಗೆ ಕೇಳಿದಳು.

"ಹದಿನಾರು ವರ್ಷ ಆತವ್ವ."

"ಆಮ್ಯಾಲೆ ಯಾವಾಗಾರ ಬಟ್ಟಿಗೆ ರಕ್ತದ ಕಲಿ ಆಗ್ಯಾವೇನ್ರಿ?"

ಇಲ್ಲ ಅನ್ನಬೇಕಿತ್ತು. ಇಲ್ಲ ಅಂತಲೇ ಬರೆದಿತ್ತು. ನನ್ನ ಬಾಯಿಯಿಂದ ಬಂದದ್ದೇ ಬೇರೆ.

"ಎರಡು ಸಲ ಆಗ್ಯಾವ. ಶ್ರಾವಣದಾಗ ಒಮ್ಮೆ, ಮೊನ್ನೆ ಮಾನೌಮಿಗೆ ಒಮ್ಮೆ. ಯಾರಿಗೂ ಹೇಳಿಲ್ಲ. ಲಂಗ ನಾನೇ ಒಕ್ಕೊಂಡು, ಮಾಳಿಗಿ ಮ್ಯಾಲ ಹಾಕಲಾರದ ಹಿತ್ತಲದಾಗ ಟವೆಲ್ ಕೆಳಗ ಒಣಹಾಕೀನಿ."

ಸುಜಾತಾ ಕೈಯಲ್ಲಿ ಪೆನ್ನು ಹಿಡಿದು ಹಾಗೇ ನಿಂತುಬಿಟ್ಟಳು. ಮರುಕ್ಷಣ ರೇಷ್ಮಾ ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು. "ಕ್ಯಾ ಆ್ಯಕ್ಟಿಂಗ್ ಮಿಸ್. ಕಣ್ಣಾಗ ನೀರು ತಂದ್ರಿ." ನಾನು ಎದ್ದು ಕೂತು ಸೆರಗು ಸರಿಮಾಡಿಕೊಂಡು ನಕ್ಕೆ. ಅರವತ್ತಾರು ವರ್ಷಕ್ಕೆ ಸಿಕ್ಕ ಮೊದಲ ಚಪ್ಪಾಳೆ. ಅದು ಎಷ್ಟು ಹಿತವಾಗಿತ್ತೆಂದರೆ, ನಾನು ಹೇಳಿದ್ದು ಅಕ್ಷರಶಃ ಸತ್ಯ ಅನ್ನುವುದು ನನಗೇ ಒಂದು ಗಳಿಗೆ ಮರೆತುಹೋಯಿತು.

ಗ್ರೇಸಿ ಮೇಡಂ ಸುಜಾತಾಳಿಗೆ ಎರಡು ಮಾರ್ಕು ಕಡಿದರು. ಪೇಷೆಂಟ್ ಹೌದು ಅಂದರೆ ನರ್ಸ್ ಕೂಡಲೇ ಡಾಕ್ಟರ ಹತ್ತಿರ ಕಳಿಸುವ ಚೀಟಿ ಬರೆಯಬೇಕು, ನೀನು ಸುಮ್ಮನೆ ನಿಂತೆ ಅಂತ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದಾಗ ಸುಜಾತಾ ಬಂದು ಪಕ್ಕದಲ್ಲಿ ನಿಂತಳು. ಅವಳ ಬಸ್ಸು ಆಚೆ ಕಡೆಯದು.

"ಮಿಸ್, ಅದು ಆ್ಯಕ್ಟಿಂಗ್ ಏನ್ರಿ?"

"ಮತ್ತೇನು? ಮಾರ್ಕು ಹೋಯ್ತು ಅಂತ ಸಿಟ್ಟೇನು ಕೂಸ?"

"ಸಿಟ್ಟಿಲ್ರಿ. ಟವೆಲ್ ಕೆಳಗ ಒಣಹಾಕಿದ್ದು... ಅದನ್ನ ಯಾರೂ ಸುಮ್ಮಸುಮ್ಮನ ಹೇಳಂಗಿಲ್ರಿ."

ನಾನು ಬಸ್ಸಿನ ಬೋರ್ಡು ಓದುವವಳಂತೆ ಕತ್ತು ಚಾಚಿದೆ. ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದಳು. ಪ್ರಾಕ್ಟೀಸಿಗೆ ಕೊಟ್ಟಿದ್ದ ಚೀಟಿ. ನೀಟಾಗಿ ತುಂಬಿದ್ದಳು. ಪ್ರಭಾವತಿ, ವಯಸ್ಸು ೬೬, ಮುಟ್ಟು ನಿಂತು ೧೬ ವರ್ಷ, ಎರಡು ಸಲ ರಕ್ತಸ್ರಾವ.

"ಆಗ ಬರೀಲಿಲ್ಲ ಅಂತ ಮಾರ್ಕು ಹೋತು. ಈಗ ಬರದೀನಿ. ತಗೋರಿ."

"ಏ ಹುಚ್ಚಿ, ಈ ವಯಸ್ಸಿಗೆ ಒಂದೆರಡು ಹನಿ ಆಗ್ತಾವ. ಉಷ್ಣ ಇರ್ತದ."

ಅಷ್ಟರಲ್ಲಿ ನನ್ನ ಬಸ್ಸು ಬಂತು. ನಾನು ಹತ್ತಿ ಕೂತೆ. ನೋಡಿದರೆ ಅವಳೂ ಹತ್ತಿ ಪಕ್ಕದಲ್ಲಿ ಕೂತಿದ್ದಾಳೆ. ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ ಕಲ್ಯಾಣಕ್ಕೆ ಝೀರೋ ಟಿಕೆಟ್ ತೆಗೆದುಕೊಂಡಳು.

"ಎಲ್ಲಿಗೆ ಹೊಂಟೀ?"

"ನೀವು ಹೂಂ ಅನ್ನೋತನ ದಿನಾ ಹಿಂಗ ಬರ್ತೀನ್ರಿ. ಟಿಕೆಟ್ ಹ್ಯಾಂಗೂ ಫ್ರೀ ಅದ."

ಹೈವೇ ಮೇಲೆ ಲಾರಿಗಳು ಹಿಂದೆ ಮುಂದೆ ಓಡುತ್ತಿದ್ದವು. ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. "ನಮ್ಮವ್ವಾನೂ ಟವೆಲ್ ಕೆಳಗೇ ಒಣಹಾಕ್ತಾಳ್ರಿ. ಹೊರಗ ಆಗೋದು ನಿಂತು ಮೂರು ವರ್ಷ ಆತು. ಮತ್ತ ಈಗ ಯಾಕ ಹಾಕ್ತಾಳ? ಕೇಳಿದ್ರ, ನಾಕು ಹಡದೀನಿ, ನೀ ನನಗ ಕಲಸಾಕ ಬರಬ್ಯಾಡ ಅಂತಾಳ. ನಾ ನರ್ಸ್ ಕಲಿಯಾಕತ್ತೀನಿ, ನಮ್ಮವ್ವನ್ನೇ ಕರಕೊಂಡು ಹೋಗಾಕ ಆಗವಲ್ದು. ನೀವರ ಬರ್ರಿ ಮಿಸ್. ನೀವು ಬಂದ್ರ ನಮ್ಮವ್ವನ ಮುಂದ ಮಾತಾಡಾಕ ನನಗ ಬಾಯಿ ಬರ್ತದ."

ಕಲ್ಯಾಣದ ಕೋಟೆಯ ಗೋಡೆ ಕಾಣುವಷ್ಟರಲ್ಲಿ ನಾನು ಹೂಂ ಅಂದಿದ್ದೆ.

ಹುಮನಾಬಾದಿನ ಲೇಡಿ ಡಾಕ್ಟರರ ವೇಟಿಂಗ್ ರೂಮಿನಲ್ಲಿ ಎಲ್ಲರೂ ಬಸುರಿಯರು. ಅವರ ನಡುವೆ ನಾನೊಬ್ಬಳು ನೆರೆತ ತಲೆಯವಳು. ಎದುರಿನ ಹೆಂಗಸು ಸುಜಾತಾಳನ್ನೂ ನನ್ನನ್ನೂ ನೋಡಿ, "ಮೊಮ್ಮಗಳಿಗೆ ಎಷ್ಟು ತಿಂಗಳ್ರಿ?" ಎಂದಳು. ಸುಜಾತಾ ಕೆಂಪಾದಳು. ಜೊತೆಗೆ ಬಂದಿದ್ದ ರೇಷ್ಮಾ ಮಾತ್ರ ಸ್ವಲ್ಪವೂ ತಡೆಯದೆ, "ಆಕಿಗಲ್ರಿ, ಅಜ್ಜಿಗೆ" ಅಂದುಬಿಟ್ಟಳು. ಇಡೀ ಬೆಂಚು ನಗುವಾಗ ನನ್ನ ಹೆದರಿಕೆ ಅರ್ಧ ಇಳಿಯಿತು.

ಡಾಕ್ಟರು ಸುಜಾತಾಳ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಪ್ರಾಕ್ಟೀಸ್ ಫಾರ್ಮ್ ಅಲ್ವಾ? ಯಾರು ಬರೆದದ್ದು?" ಸುಜಾತಾ ಕೈ ಎತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ. "ಸರಿಯಾಗಿ ಬರೆದಿದ್ದೀ. ನೀನೂ ಒಳಗೆ ಬಾ."

ಅವಳು ನನ್ನ ತಲೆಯ ಬಳಿ ನಿಂತು ಕೈ ಹಿಡಿದುಕೊಂಡಳು. ಇಂಗ್ಲಿಷ್ ಕ್ಲಾಸಿನಲ್ಲಿ ನಾನೇ ಹೇಳಿಕೊಟ್ಟ ಪಾಠವೊಂದಿತ್ತು. ಟೆಲ್ ಬಿಫೋರ್ ಯು ಟಚ್. ಮುಟ್ಟುವ ಮೊದಲು ಹೇಳಿ. ಅದನ್ನು ಅವಳು ತನ್ನ ಕನ್ನಡಕ್ಕೆ ತಂದುಕೊಂಡಿದ್ದಳು. "ಈಗ ಜರಾ ತಂಪು ಹತ್ತತದ್ರಿ ಮಿಸ್. ಈಗ ಜರಾ ಒತ್ತಿದಂಗ ಆಗ್ತದ. ಉಸಿರು ಬಿಡ್ರಿ. ಆತು. ಇನ್ನೊಂದು ಸಲ, ಆಮ್ಯಾಲೆ ಮುಗೀತು." ಆ ಲೈಟಿನ ಕೆಳಗೆ, ಆ ಕಾಲು ಮೇಲಿಟ್ಟ ಭಂಗಿಯಲ್ಲಿ ಡಿಗ್ನಿಟಿ ಉಳಿಸಿಕೊಳ್ಳುವುದು ಸುಲಭವಲ್ಲ. ಉಳಿದಷ್ಟು ಆ ದನಿಯಿಂದ ಉಳಿಯಿತು.

ಡಾಕ್ಟರು ಕೈಗವಸು ತೆಗೆಯುತ್ತ ಸುಜಾತಾಳ ಕಡೆ ಒಮ್ಮೆ ನೋಡಿದರು. ನನ್ನ ಕಡೆ ನೋಡಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದರು. ಹದಿನೈದು ದಿನ ಕಾಯಿರಿ ಎಂದರು.

ಮನೆಯಲ್ಲಿ ಹೇಳಬೇಕಾಯಿತು. ನಮ್ಮದು ಕೂಡಿದ ಮನೆ. ನಮ್ಮವರು ವಿದ್ಯುತ್ ಇಲಾಖೆಯಲ್ಲಿದ್ದು ರಿಟೈರ್ ಆದವರು. ಅವರ ಅಣ್ಣನ ಹೆಂಡತಿ ಮಹಾದೇವಿ ಅಕ್ಕ ಮನೆಯ ಹಿರಿಯಳು. ಊಟದ ಹೊತ್ತಿಗೆ ಬಾಯಿ ಬಿಟ್ಟೆ. ನಮ್ಮವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ತಿಂದರು, ಕೈ ತೊಳೆದರು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅಕ್ಕ ಬಾಗಿಲು ಮುಂದೆ ಮಾಡಿ ಬಂದು ಕೂತಳು.

"ತಂಗಿ, ಯಾರರ ಕೇಳಿದ್ರ ಹೊಟ್ಟಿ ಬ್ಯಾನಿ ಅನ್ನೂನು. ಅಲ್ಲೀದು ಅಂತ ಹೇಳಿದ್ರ ಮಂದಿ ಏನೇನರ ಅಂತಾರ."

"ಏನಂತಾರ ಅಕ್ಕಾ?"

"ಅದೇ... ನೀನೂ ಇಂಗ್ಲಿಷ್ ಕಲ್ತಾಕಿ, ತಿಳೀತದ."

ತಿಳಿಯಿತು. ಹೊಟ್ಟೆ ಅಂದರೆ ಅಯ್ಯೋ ಪಾಪ. ಅದರ ಕೆಳಗಿನದೆಂದರೆ ನಡತೆಯ ಮಾತು.

ಒಂದು ಗಂಟೆ ಬಿಟ್ಟು ನಮ್ಮವರು ತಿರುಗಿ ಬಂದರು, ಕೈಯಲ್ಲಿ ಒಂದು ಚೀಲ ಸೀತಾಫಲ. ಕಟ್ಟೆಯ ಮೇಲೆ ಕೂತು ಒಂದೊಂದೇ ಒಡೆದು, ಬೀಜ ತೆಗೆದು ತೆಗೆದು, ತಿರುಳನ್ನು ಬಟ್ಟಲಿಗೆ ಹಾಕತೊಡಗಿದರು. ನಲವತ್ತು ವರ್ಷದಲ್ಲಿ ತಮ್ಮ ಬಾಳೆಹಣ್ಣನ್ನೂ ತಾವು ಸುಲಿದುಕೊಂಡವರಲ್ಲ. ಬಟ್ಟಲು ತುಂಬಿದ ಮೇಲೆ ನನ್ನ ಮುಂದಿಟ್ಟು, "ಬೀಜ ಒಂದೂ ಇಲ್ಲ. ನೋಡೀನಿ" ಅಂದರು. ಒಂದು ಬೀಜ ಇತ್ತು. ನಾನು ಅದನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು, ಅವರು ಎದ್ದು ಹೋದ ಮೇಲೆ ಉಗುಳಿದೆ.

ಆ ಹದಿನೈದು ದಿನವೂ ನಾನು ಕ್ಲಾಸ್ ತಪ್ಪಿಸಲಿಲ್ಲ. ಮನೆಯಲ್ಲಿ ಕೂತರೆ ಕೈಗಳು ಸುಮ್ಮನಿರುತ್ತಿರಲಿಲ್ಲ, ಪೆಟ್ಟಿಗೆ ತೆಗೆದು ಯಾವ ಸೀರೆ ಯಾರಿಗೆ ಅಂತ ಬೇರೆ ಬೇರೆ ಇಡುತ್ತಿದ್ದವು. ಸ್ಕೂಲಿನಲ್ಲಿ ಹುಡುಗಿಯರ ಗದ್ದಲ, ಚಾರ್ಟು, ಸ್ಕೆಚ್ ಪೆನ್ನು, ತಪಾಸಣೆ ಕ್ಯಾಂಪಿಗೆ ಯಾವ ಊರಿಗೆ ಯಾರ ತಂಡ ಅನ್ನುವ ಜಗಳ. ಕೊಹಿನೂರ ಒಂದು ತಂಡಕ್ಕೆ, ಕೊಡಂಬಲ ಇನ್ನೊಂದಕ್ಕೆ. ಮುಂದೆ ಆಗುವುದರ ಬಗ್ಗೆ ಒಂದೊಂದು ವಾಕ್ಯ ಹೇಳಿ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ರೇಷ್ಮಾ ಎದ್ದು, "ಮಿಸ್ ವಿಲ್ ಡಾನ್ಸ್ ಇನ್ ಮೈ ವೆಡ್ಡಿಂಗ್" ಅಂದಳು. "ಆಟ್ ಮೈ ವೆಡ್ಡಿಂಗ್" ಎಂದು ತಿದ್ದಿದೆ. ಉಳಿದದ್ದನ್ನು ತಿದ್ದಲಿಲ್ಲ.

ರಿಪೋರ್ಟು ಬಂತು. ಇಂಗ್ಲಿಷಿನಲ್ಲಿತ್ತು. ಕೌಂಟರಿನ ಹತ್ತಿರವೇ ನಿಂತು ಓದಿದೆ. ಒಂದು ಪದವೂ ನನಗೆ ಹೊಸದಲ್ಲ, ಪ್ರತಿಯೊಂದನ್ನೂ ಎಷ್ಟೋ ಸಲ ಮೂವತ್ತು ಹುಡುಗಿಯರ ಬಾಯಲ್ಲಿ ಹೇಳಿಸಿದ್ದೆ. ಕಾರ್ಸಿನೋಮಾ ಅಂತ ಮೆಲ್ಲಗೆ ಓದಿಕೊಂಡಾಗ ನನ್ನ ಉಚ್ಚಾರಣೆ ಪರ್ಫೆಕ್ಟ್ ಆಗಿತ್ತು. ಸುಜಾತಾ ಕುರ್ಚಿ ತಂದಳು. ಡಾಕ್ಟರು, "ಬಹಳ ಮೊದಲಲ್ಲೇ ಸಿಕ್ಕಿದೆ ಅನ್ನಿಸುತ್ತದೆ. ಆಪರೇಷನ್ನಿಗೇ ಮುಗಿಯಬಹುದು. ತಡ ಮಾಡಬೇಡಿ" ಎಂದರು. ತಡ ಮಾಡಬೇಡಿ ಅನ್ನುವ ಮಾತಿನಲ್ಲಿ ಇಷ್ಟು ಆಸೆ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಹುಮನಾಬಾದ್ ಸ್ಟೇಷನ್ನಿನಿಂದ ಕಲಬುರಗಿಗೆ ರೈಲು ಹತ್ತಿದೆವು. ಕಾನ್ವೆಂಟಿನ ಊರು. ಆದರೆ ಹೋದದ್ದು ದೊಡ್ಡ ಆಸ್ಪತ್ರೆಗೆ. ಅಲ್ಲಿಯ ವೇಟಿಂಗ್ ಹಾಲಿನಲ್ಲಿ ಉದ್ದನೆಯ ಬೆಂಚು, ಅದರ ಮೇಲೆ ನನ್ನನ್ನೂ ಸೇರಿಸಿ ಏಳು ಹೆಂಗಸರು. ಗೋರ್ಟಾದಿಂದ ಬಂದ ಮುದುಕಿಯೊಬ್ಬಳು ಗಂಟು ಬಿಚ್ಚಿ ಎಲ್ಲರಿಗೂ ಅರ್ಧರ್ಧ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಹಾಕಿ ಹಂಚಿದಳು. ಹಂಚುತ್ತ ಕೇಳಿದಳು.

"ನಿಮಗ ಎಲ್ಲಿ ಅದವ್ವ ರೋಗ?"

"ಹೊಟ್ಟ್ಯಾಗ" ಅಂದೆ.

"ನನಗೂ ಹೊಟ್ಟ್ಯಾಗೇ" ಅಂದಳು. ಆಚೆ ಕೂತ ಬುರ್ಖಾದ ಹೆಂಗಸಿಗೂ ಹೊಟ್ಟೆಯಲ್ಲೇ, ಅವಳ ಪಕ್ಕದವಳಿಗೂ. ಏಳು ಜನಕ್ಕೂ ಹೊಟ್ಟೆಯಲ್ಲೇ. ಹೊಟ್ಟೆಯ ಡಾಕ್ಟರು ಬೇರೆ ಮಹಡಿಯಲ್ಲಿದ್ದರು. ನಾವು ಯಾವ ಬಾಗಿಲ ಮುಂದೆ ಕೂತಿದ್ದೇವೆ ಅಂತ ಬೋರ್ಡು ಹೇಳುತ್ತಿತ್ತು, ಮೂರು ಭಾಷೆಯಲ್ಲಿ. ಎಲ್ಲರೂ ಅದರ ಕೆಳಗೆ ಕೂತು ರೊಟ್ಟಿ ತಿಂದೆವು. ಹಳ್ಳಿಯ ಹೆಂಗಸಿನ ವೇಷ ಹಾಕಿ ಮೂವತ್ತು ಜನರ ಮುಂದೆ ಹೇಳಿದ್ದನ್ನು, ನನ್ನಂಥದೇ ರೋಗದ ಆರು ಜನರ ನಡುವೆ ನನ್ನ ಹೆಸರಿನಲ್ಲಿ ಹೇಳಲು ನಾಚಿದೆ. ಆ ಹಿಂಡಿಯ ಖಾರ ಬಹಳ ಹೊತ್ತು ಬಾಯಲ್ಲಿತ್ತು.

ಆಪರೇಷನ್ ಬಗ್ಗೆ ಹೇಳಲು ನನಗೇನೂ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಬಾಯಿ ಒಣಗಿತ್ತು, ಹೊಟ್ಟೆಯ ಮೇಲೆ ಕಲ್ಲು ಹೇರಿದ ಹಾಗಿತ್ತು. ನಮ್ಮವರು ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದರು. ಸುಜಾತಾ ಫೋನಿನಲ್ಲಿ ಹೇಳಿಕೊಟ್ಟಿದ್ದಳಂತೆ, ನೀರು ಕೊಡಬೇಡಿ, ಹಿಂಗ ಮಾಡ್ರಿ ಅಂತ. "ಆ ಹುಡುಗಿ ನನಗ ದಿನಾ ಎರಡು ಸಲ ಫೋನ್ ಮಾಡಿ ಪರೀಕ್ಷಾ ತಗೊಳ್ಳಾಕತ್ಯಾಳ" ಎಂದು ಅವರು ದೂರಿದರು. ದೂರುವಾಗ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು.

ಮತ್ತೆ ಕಾಯುವ ಕೆಲಸ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಬೇರೆಲ್ಲೂ ಹರಡಿಲ್ಲ, ರೇಡಿಯೇಷನ್ ಕರೆಂಟು ಕೊಡುವುದು ಬೇಡ ಅಂತ ಡಾಕ್ಟರು ಹೇಳಿದ ದಿನ ನಾನು ಹಾಲಿಗೆ ಬಂದು ಆ ಬೆಂಚು ಹುಡುಕಿದೆ. ಗೋರ್ಟಾದ ಮುದುಕಿ ಇರಲಿಲ್ಲ, ಬೇರೆ ಏಳು ಜನ ಇದ್ದರು. ಯಾರ ಕೈಯನ್ನಾದರೂ ಹಿಡಿದು ಕುಣಿಯಬೇಕು ಅನ್ನಿಸಿತು. ಜೊತೆಗೆ ಕುಣಿಯುವವರು ಯಾರೂ ಇರಲಿಲ್ಲವಾದ್ದರಿಂದ ರೇಷ್ಮಾಳಿಗೆ ಫೋನ್ ಮಾಡಿ, "ನಿನ್ನ ಲಗ್ನ ಜಲ್ದಿ ಮಾಡ್ಕೊ, ನನ್ನ ಕಾಲು ಗಟ್ಟಿ ಇರೋತನ" ಅಂದೆ. ಆ ಕಡೆಯಿಂದ ಇಡೀ ಕ್ಲಾಸು ಕೂಗಿದ್ದು ನನ್ನ ಪಕ್ಕ ನಿಂತಿದ್ದ ನಮ್ಮವರಿಗೂ ಕೇಳಿಸಿತು.

ಮೂರು ತಿಂಗಳು ಬಿಟ್ಟು ಮತ್ತೆ ಮೆಟ್ಟಿಲು ಹತ್ತಿ ಕ್ಲಾಸಿಗೆ ಹೋದೆ. ಆ ವೇಳೆಗೆ ಕೊಡಂಬಲದ ಕ್ಯಾಂಪ್ ನಿಗದಿಯಾಗಿತ್ತು. ಲೇಡಿ ಡಾಕ್ಟರು ಬರುತ್ತಾರೆ, ಸುಜಾತಾಳ ತಂಡ ಹೆಂಗಸರನ್ನು ಸೇರಿಸಬೇಕು.

"ನಿಮ್ಮವ್ವ?" ಎಂದು ಕೇಳಿದೆ.

ಅವಳು ತಲೆಯಾಡಿಸಿದಳು. "ಬರಂಗಿಲ್ಲಂತ್ರಿ. ಸಾಲಿಗೆ ಹೋಗಿ ನಾಚಿಕಿ ಶರಮ್ ಬಿಟ್ಟೀ ಅಂದ್ಲು. ಟವೆಲ್ ಇನ್ನಾ ಹಗ್ಗದ ಮ್ಯಾಲೇ ಅದ."

"ನಾನು ಬರ್ತೀನಿ. ಪೇಷೆಂಟ್ ಪಾರ್ಟ್ ನಂದೇ ಅಲ್ಲ?"

ಕ್ಯಾಂಪಿನ ದಿನ ಬೆಳಿಗ್ಗೆ ನಾನು ಹೊರಡುವಾಗ ಮಹಾದೇವಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಹೊಟ್ಟಿ ಅಂತೀ, ಏನು?" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅವಳು ನನ್ನ ಸೆರಗಿನ ಪಿನ್ನು ಸರಿಮಾಡಿ ಕಳಿಸಿದಳು.

ಊರ ಸಾಲೆಯ ಕೋಣೆಯಲ್ಲಿ ಕ್ಯಾಂಪು. ಒಂದು ಮೂಲೆಗೆ ಹಸಿರು ಪರದೆ ಕಟ್ಟಿದ್ದರು, ಅದರ ಹಿಂದೆ ಪರೀಕ್ಷೆಯ ಮಂಚ. ನಮ್ಮ ಮಂಚವೇ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಿದ್ದರು. ಮುಂದಿನ ಜಾಗದಲ್ಲಿ ಜಮಖಾನೆ ಹಾಸಿತ್ತು, ಇಪ್ಪತ್ತೈದು ಮೂವತ್ತು ಹೆಂಗಸರು. ಬಂದದ್ದು ನಾಟಕ ನೋಡಲು, ಪರದೆಯ ಹಿಂದೆ ಹೋಗಲು ಅಲ್ಲ. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ, ಹೊಲದಿಂದ ನೇರ ಬಂದ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದವಳನ್ನು ಸುಜಾತಾ ಕಣ್ಣಲ್ಲೇ ತೋರಿಸಿದಳು. ಅವಳ ತಾಯಿ, ಕಮಳಾಬಾಯಿ.

ನಾನು ತಲೆ ಮೇಲೆ ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತೆ. ಸುಜಾತಾ ಕೇಳಿದಳು, ಅದೇ ಪ್ರಶ್ನೆಗಳು. ಬಟ್ಟೆಗೆ ಕಲೆ ಆಗಿದೆಯೇ ಅಂದಾಗ ನಾನು ಅದೇ ಉತ್ತರ ಕೊಟ್ಟೆ. ಲಂಗ, ಹಿತ್ತಲು, ಟವೆಲ್. ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿದು ನಕ್ಕರು.

ಹಿಂದಿನಿಂದ ಕಮಳಾಬಾಯಿ ದೊಡ್ಡ ದನಿಯಲ್ಲಿ ಹೇಳಿದಳು. "ಈ ಹೆಣ್ಣಮಗಳು ನಾಟಕ ಛಲೋ ಮಾಡ್ತಾಳವ್ವ. ನಮ್ಮ ಸುಜ್ಜಿ ಕಲಿಸಿರಬೇಕು."

"ಅದು ನಾಟಕ ಅಲ್ಲಬೇ" ಎಂದಳು ಸುಜಾತಾ. ಹೇಳಿ ನನ್ನ ಕಡೆ ನೋಡಿದಳು.

ಇನ್ನು ನನ್ನ ಸರದಿ. ನಾನು ತಲೆಯ ಮೇಲಿನ ಸೆರಗು ತೆಗೆದೆ. ಎದೆ ಹೊಡೆದುಕೊಳ್ಳುತ್ತಿತ್ತು, ರಿಹರ್ಸಲ್ಲಿನ ದಿನದ ಹಾಗೆಯೇ, ಅದಕ್ಕಿಂತ ಜೋರಾಗಿ. ಡೈಲಾಗ್ ಯಾರೂ ಬರೆದುಕೊಟ್ಟಿರಲಿಲ್ಲ.

"ನನ್ನ ಹೆಸರು ಪ್ರಭಾವತಿ. ಕಲ್ಯಾಣದಾಕಿ. ನನಗ ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ಆಗಿತ್ತು. ಹೊಟ್ಟ್ಯಾಗಲ್ಲ, ಅಲ್ಲೇ ಆಗಿತ್ತು. ಮಂದಿ ಏನಂತಾರ ಅಂತ ಟವೆಲ್ ಕೆಳಗ ಮುಚ್ಚಿಟ್ಟಿದ್ದೆ. ಈ ಹುಡುಗಿ ಹಿಡಿದು ಎಳಕೊಂಡು ಹೋದಳು. ಈಗ ತೆಗದಾರ. ಆರಾಮ ಅದೀನಿ. ನಿಮ್ಮ ಮುಂದ ಕುಂತೀನಿ."

ಯಾರೂ ನಗಲಿಲ್ಲ, ಚಪ್ಪಾಳೆಯೂ ಇಲ್ಲ. ಕಮಳಾಬಾಯಿ ಎದ್ದಳು. ಹೆಂಗಸರ ನಡುವೆ ಕಾಲಿಡುತ್ತ ಮುಂದೆ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು.

"ಖರೇನೇನ್ರಿ?"

"ಖರೇ."

"ಕೊಯ್ದಾರ?"

ನಾನು ಅವಳ ಕೈ ಹಿಡಿದು ಸೀರೆಯ ನೆರಿಗೆಯ ಮೇಲೆ, ಹೊಲಿಗೆ ಇದ್ದ ಜಾಗಕ್ಕೆ ಇಟ್ಟೆ. ಕಳೆ ಕೀಳುವ ಒರಟು ಬೆರಳು. ಬಟ್ಟೆಯ ಮೇಲಿಂದಲೇ ಅದು ಹೊಲಿಗೆಯ ಗುಂಟ ಮೆಲ್ಲಗೆ ಹೋಯಿತು, ಈ ತುದಿಯಿಂದ ಆ ತುದಿಗೆ.

"ಇನ್ನಾ ನೋಯ್ತದೇನ್ರಿ?"

"ಸೀನಿದ್ರ ಜರಾ. ನಕ್ಕರೂ ನೋಯ್ತದ, ಆದರ ನಗ್ತೀನಿ."

ಅವಳು ಮಗಳ ಕಡೆ ತಿರುಗದೆ, ನನಗೇ ಹೇಳಿದಳು. "ನಂದು ನಾಕು ಸಲ ಆಗ್ಯಾದ್ರಿ."

ಕಮಳಾಬಾಯಿಯ ರಿಪೋರ್ಟು ಏನಾಯಿತು ಅಂತ ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ಸರಿಯಲ್ಲ, ಕಾಯುವುದು ಏನು ಅಂತ ನನಗೆ ಗೊತ್ತಿದೆ. ಅದು ಕ್ಯಾನ್ಸರ್ ಅಲ್ಲ. ಬರೀ ಹುಣ್ಣು, ಔಷಧಿಗೆ ಮಾಯಿತು. ಈಗಲೂ ಕೂಲಿಗೆ ಹೋಗುತ್ತಾಳೆ, ಬಟ್ಟೆ ಎಲ್ಲಿ ಒಣಹಾಕುತ್ತಾಳೋ ಕೇಳಿಲ್ಲ. ಅವಳ ಹಿಂದೆ ಆ ದಿನ ಹನ್ನೊಂದು ಹೆಂಗಸರು ಹೆಸರು ಬರೆಸಿದರು. ನಮ್ಮ ಮಹಾದೇವಿ ಅಕ್ಕ ಮರುವಾರ ನನ್ನ ಕೋಣೆಗೆ ಬಂದು, "ಆ ಡಾಕ್ಟರ್ ಬಾಯಿ ಯಾವ ದಿನ ಇರ್ತಾಳ?" ಎಂದು ಗೋಡೆಗೆ ಕೇಳಿದ ಹಾಗೆ ಕೇಳಿದಳು. ಸುಜಾತಾ ಪರೀಕ್ಷೆ ಪಾಸು ಮಾಡಿ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಡ್ಯೂಟಿಗೆ ಸೇರಿದಳು. ಫೋನ್ ಮಾಡುತ್ತಾಳೆ, ನಮ್ಮವರ ಪರೀಕ್ಷೆಯನ್ನು ಇನ್ನೂ ತೆಗೆದುಕೊಳ್ಳುತ್ತಾಳೆ. ಕ್ಯಾಂಪಿನ ಹೊತ್ತಿಗೆ ಅವರ ಕ್ಲಾಸುಗಳು ಮುಗಿದಿದ್ದವು, ಹಾಗಾಗಿ ನೋಡಿದ್ದು ಮಾತ್ರ ಕ್ಯಾಂಪಿನ ದಿನವೇ ಕೊನೆ.

ಆ ದಿನ ನನ್ನನ್ನು ಕರೆದೊಯ್ಯುವ ಆಟೋ ಸಾಲೆಯ ಮುಂದೆ ಬಂದು ಹಾರ್ನ್ ಹೊಡೆಯುತ್ತಿತ್ತು. ಹೇಳಿ ಹೋಗೋಣವೆಂದು ಪರದೆಯ ಹತ್ತಿರ ಹೋದೆ. ಸುಜಾತಾ ಅಷ್ಟರಲ್ಲಿ ತಾಯಿಯ ರಟ್ಟೆ ಹಿಡಿದು ಒಳಗೆ ಹೋಗಿಯಾಗಿತ್ತು. ಪರದೆ ನೆಲ ಮುಟ್ಟುತ್ತಿರಲಿಲ್ಲ, ಕೆಳಗೆ ಒಂದು ಗೇಣು ಬಿಟ್ಟಿತ್ತು. ಅಲ್ಲಿ ಸುಜಾತಾಳ ಬಿಳಿ ಶೂ, ಕೊಡಂಬಲದ ಧೂಳಿಗೆ ಅಂಚು ಕೆಂಪಾದದ್ದು. ಅದರ ಎದುರಿಗೆ ಎರಡು ಒಡಕು ಹಿಮ್ಮಡಿಯ ಪಾದ, ಬರಿಗಾಲು. ಬಹಳ ಹೊತ್ತು ಆ ನಾಲ್ಕು ಕಾಲೂ ಅಲುಗಲಿಲ್ಲ. ಆಮೇಲೆ ಬರಿಗಾಲುಗಳಲ್ಲಿ ಒಂದು ಮೇಲೆದ್ದಿತು, ಇನ್ನೊಂದೂ ಎದ್ದಿತು. ಶೂಗಳು ತಲೆಯ ಕಡೆಗೆ ಎರಡು ಹೆಜ್ಜೆ ನಡೆದು ನಿಂತವು.

"ಅವ್ವಾ, ಈಗ ಜರಾ ತಂಪು ಹತ್ತತದ" ಎಂದಳು ಒಳಗಿನಿಂದ.

ನಾನು ಕರೆಯಲಿಲ್ಲ. ಆ ಶೂಗಳನ್ನು ನೋಡಿ, ಹೊರಗೆ ಬಂದು ಆಟೋ ಹತ್ತಿದೆ.